ಹೆದ್ದಾರಿಯ ಹಂಗಾಮಿ ಜೇನುಗಳು

ಹೆದ್ದಾರಿಯ ಇಕ್ಕೆಲಗಳಲ್ಲಿ ಕಾಡುಹೂ ಬೆಳೆಸಿ ಜೇನು, ಚಿಟ್ಟೆ, ದುಂಬಿಗಳಿಗೆ ಆಸರೆ ಒದಗಿಸುವ ನಮ್ಮ ಇಲಾಖೆಯ ಯೋಜನೆ ಸಂಪೂರ್ಣ ಯಶಸ್ವಿಯಾಗಿದೆಯೆಂದು ಈ ಮೂಲಕ ಸಾರ್ವಜನಿಕರಿಗೆ ತಿಳಿಯಪಡಿಸಲಾಗಿದೆ.

ಹೂ ಬಿತ್ತುವವರು ಬಿತ್ತನೆ ಅಧಿಕಾರಿ. ರಸ್ತೆಬದಿಯ ಹುಲ್ಲು ಕತ್ತರಿಸುವವರು ಕಟಾವು ಅಧಿಕಾರಿ. ಮೊದಲನೆಯವರು ಹೆಂಡತಿ, ಎರಡನೆಯವರು ಗಂಡ. ಆಕೆ ಬಿತ್ತಿದ್ದು ಮೊಣಕಾಲುದ್ದ ಬೆಳೆದು ಇನ್ನೇನು ಮೊಗ್ಗು ಬಿರಿಯಬೇಕು, ಆತನ ಯಂತ್ರ ಬಂದು ನುಣ್ಣಗೆ ಬೋಳಿಸಿಕೊಂಡು ಹೋಯಿತು.

“ಏನ್ರೀ, ನನ್ನ ಹೂವನ್ನೆಲ್ಲ ಕತ್ತರಿಸಿಬಿಟ್ರಲ್ಲ?” ಆಕೆ ಊಟ ಬಡಿಸುತ್ತ ಕೇಳಿದರು.

“ಅರಳಿದ ಮೇಲೆ ಹೂವು ಕಣೇ. ಅಲ್ಲೀವರೆಗೆ ನಿಯಮದ ಪ್ರಕಾರ ಕಳೆ. ನಾಳೆ ಅರ್ಜಿ ಕೊಡು, ಪರಿಶೀಲಿಸ್ತೀನಿ.”

ಆಕೆ ಪಾತ್ರೆ ಎತ್ತಿಕೊಂಡು ಒಳಗೆ ಹೋದರು. “ನಿಮ್ಮ ಊಟದ ಅರ್ಜೀನೂ ನಾಳೇನೇ ಪರಿಶೀಲಿಸ್ತೀನಿ.”

ಅಷ್ಟರಲ್ಲಿ ಮಂತ್ರಿಗಳು ಉದ್ಘಾಟನೆಗೆ ಬರುವುದು ಖಚಿತವಾಯಿತು. ಮುಖ್ಯ ಎಂಜಿನಿಯರರು ಬೋಳು ನೆಲದ ತುಂಬ ಪ್ಲಾಸ್ಟಿಕ್ ಹೂ ನೆಡಿಸಿದರು. ಹೂವೇನೋ ನಳನಳಿಸಿತು, ಜೇನು ಬರಲಿಲ್ಲ. ಕಂಬಕಂಬಕ್ಕೂ ಪ್ರಕಟಣೆ ಅಂಟಿಸಲಾಯಿತು: “ಜೇನುಗಳು ವಾರದೊಳಗೆ ಖುದ್ದಾಗಿ ಹಾಜರಾಗತಕ್ಕದ್ದು. ತಪ್ಪಿದಲ್ಲಿ ಸದರಿ ಹುದ್ದೆಗಳನ್ನು ಅನ್ಯರಿಂದ ತುಂಬಲಾಗುವುದು.”

ಜೇನುಗಳು ಕ್ಯಾರೇ ಅನ್ನಲಿಲ್ಲ. ಕತ್ತರಿಸಲು ಏನೂ ಉಳಿದಿರದ ಕಟಾವು ವಿಭಾಗವನ್ನು ಇಡಿಯಾಗಿ ಹಂಗಾಮಿ ಜೇನುಗಳಾಗಿ ನಿಯೋಜಿಸಲಾಯಿತು. ಮೇಲ್ವಿಚಾರಣೆ ಬಿತ್ತನೆ ಅಧಿಕಾರಿಯವರದು.

ಕಟಾವು ಅಧಿಕಾರಿ ಹಳದಿ-ಕಪ್ಪು ಪಟ್ಟೆಯ ಸ್ವೆಟರ್ ತೊಟ್ಟು, ಹಳೆಯ ಛತ್ರಿಯ ಬಟ್ಟೆಯನ್ನು ರೆಕ್ಕೆ ಮಾಡಿಕೊಂಡು ಹೂವಿನಿಂದ ಹೂವಿಗೆ ಬಗ್ಗಿದರು.

“ಝೇಂಕಾರ ಸಾಲದು,” ಎಂದರು ಹೆಂಡತಿ.

“ಗಂಟಲು ಕಟ್ಟಿದೆ ಕಣೇ.”

“ಸೇವಾ ಹಿರಿತನ ಇರೋ ಜೇನು ನೀವು. ನೀವೇ ಹೀಗಂದ್ರೆ ಹೇಗೆ?”

ಆತ ಇನ್ನೊಮ್ಮೆ ಗುಂಯ್ ಎಂದರು. ಆಕೆಗೆ ನಗು ತಡೆಯಲಾಗಲಿಲ್ಲ, ಆತನಿಗೂ. ಅಂದಿನಿಂದ ಮನೆಯಲ್ಲಿ ಊಟ ಮಂಜೂರಾಯಿತು.

ಮಂತ್ರಿಗಳು ಬಂದು ತುಸು ದೂರದಲ್ಲೇ ನಿಂತರು. “ಇವು ಕಚ್ತಾವೇನ್ರೀ?”

“ಅದಕ್ಕೆ ಪ್ರತ್ಯೇಕ ಆದೇಶ ಬೇಕಾಗುತ್ತೆ ಸರ್,” ಎಂದರು ಮುಖ್ಯ ಎಂಜಿನಿಯರರು.

ಸಂತುಷ್ಟರಾದ ಮಂತ್ರಿಗಳು ಜೇನುಗಳನ್ನೆಲ್ಲ ಸ್ಥಳದಲ್ಲೇ ಕಾಯಂ ಮಾಡಿದರು. ಕತ್ತರಿಸುವವರೇ ಇಲ್ಲವಾದ್ದರಿಂದ ಆಕೆ ಪ್ಲಾಸ್ಟಿಕ್ಕಿನ ಸಂದಿಯಲ್ಲಿ ಮತ್ತೆ ಬಿತ್ತಿದರು. ಈ ಸಲ ಮೈಲಿಗಟ್ಟಲೆ ಅರಳಿತು. ಹಿಂದೆಯೇ ಜೇನುಗಳೂ ಹಿಂಡುಹಿಂಡಾಗಿ ಬಂದವು.

ಗಡುವು ಮೀರಿ ಬಂದಿದ್ದರೂ ಮಾನವೀಯ ದೃಷ್ಟಿಯಿಂದ ಅವನ್ನು ಸೇರಿಸಿಕೊಳ್ಳಲಾಗಿದೆ. ಅನುಭವ ಸಾಲದೆಂದು ಸದ್ಯಕ್ಕೆ ಕಟಾವು ಅಧಿಕಾರಿಯವರ ಕೈಕೆಳಗೆ ತರಬೇತಿಗೆ ಹಾಕಲಾಗಿದೆ. ಹುಡುಗರು ಪರವಾಗಿಲ್ಲ, ಬೇಗ ಕಲಿಯುತ್ತಿದ್ದಾರೆ ಎಂದು ಅವರು ವರದಿ ಮಾಡಿದ್ದಾರೆ.