ಮನುಷ್ಯರನ್ನು ಓದುವ ಕೆಲಸ

ಎದುರಿಗೆ ಕೂತವರ ಮನಸ್ಸನ್ನು ಓದಬಲ್ಲೆ ಎಂಬ ಜಂಬ ನನಗೆ ಬಹಳ ವರ್ಷ ಇತ್ತು. ಹಾರೋಹಳ್ಳಿಯಲ್ಲಿ ಒಂದೊಂದೇ ಕಾರ್ಖಾನೆ ಏಳುತ್ತಿದ್ದ ಕಾಲ. ಅಂಥದ್ದೊಂದರಲ್ಲಿ ಕೆಲಸಗಾರರ ಬೇಕುಬೇಡ ನೋಡುವ ಅಧಿಕಾರಿ ನಾನು. ಬೆಂಗಳೂರಿನಿಂದ ಟೈ ಕಟ್ಟಿಕೊಂಡು ಬಂದವರೊಬ್ಬರು ಎರಡು ದಿನ ತರಬೇತಿ ಕೊಟ್ಟು, ಮನುಷ್ಯರಲ್ಲಿ ನಾಲ್ಕೇ ಬಗೆ, ಯಾರಿಗೆ ಏನು ಕೊಟ್ಟರೆ ಹುರುಪು ಬರುತ್ತದೆ ನೋಡಿಕೊಳ್ಳಿ ಎಂದು ಒಂದು ಪಟ್ಟಿ ಹಂಚಿ ಹೋದರು. ನಾನು ಮೊದಲು ಹೆಂಡತಿಯನ್ನೇ ಪಟ್ಟಿಗೆ ಸೇರಿಸಿದೆ. ನಮ್ಮ ಭಾಗ್ಯ ಮಾಗಡಿಯವಳು, ಮಾತು ಕಡಿಮೆ. 'ಶಾಂತ ಸ್ವಭಾವ, ಪ್ರೋತ್ಸಾಹ ಬೇಕಿಲ್ಲ' ಎಂದು ಬರೆದೆ. ಅವಳು ಅದನ್ನು ಓದಿ, ಹಾಳೆಯ ಹಿಂಬದಿಯಲ್ಲಿ ದಿನಸಿ ಬರೆದು ನನ್ನನ್ನೇ ಅಂಗಡಿಗೆ ಕಳಿಸಿದಳು.

ಆಮೇಲೆ ಸಿದ್ದರಾಜುವಿನ ಸರದಿ. ಕೋಡಿಹಳ್ಳಿ ಕಡೆಯ ರೈತ, ಕಾರ್ಖಾನೆಯಲ್ಲಿ ಕೆಲಸಗಾರ. ನಮ್ಮ ಹಳೇ ಮೆಷಿನ್ನಿನ ಮುನಿಸು ಬಿಡಿಸುವುದು ಅವನೊಬ್ಬನಿಗೇ ಗೊತ್ತು. ಇವನಿಗೆ ಬೇಕಾದ್ದು ಮನ್ನಣೆ ಎಂದು ತೀರ್ಮಾನಿಸಿ, ಕೆಂಪು ಟೋಪಿ ಹಾಕಿಸಿ, ಚಪ್ಪಾಳೆ ತಟ್ಟಿಸಿ, ಬೆಳಗಿನ ಆರರ ಪಾಳಿಗೆ ಮುಖ್ಯಸ್ಥನನ್ನಾಗಿ ಮಾಡಿದೆ. ಹದಿನೈದೇ ದಿನಕ್ಕೆ ರಾಜೀನಾಮೆ ಪತ್ರ ಬಂತು. ಅವನನ್ನು ಉಳಿಸಿಕೊಳ್ಳದಿದ್ದರೆ ನೀವೂ ಬೇರೆ ಕೆಲಸ ನೋಡಿಕೊಳ್ಳಿ ಎಂದರು ಮ್ಯಾನೇಜರು.

ಭಾನುವಾರ ಅವನನ್ನು ಕನಕಪುರದ ನಮ್ಮ ಮನೆಗೇ ಕರೆಸಿ ಅರ್ಧ ಗಂಟೆ ನಾಯಕತ್ವದ ಬಗ್ಗೆ ಮಾತಾಡಿದೆ. ಅವನು ನೆಲ ನೋಡುತ್ತಾ ಕೂತಿದ್ದ. ಭಾಗ್ಯ ಕಾಫಿ ತಂದಿಟ್ಟು, ನನ್ನ ಮಾತಿನ ನಡುವೆಯೇ, ಮನೇಲಿ ಹಸು ಯಾರು ಕರೀತಾರೆ ಎಂದು ಕೇಳಿದಳು. ಅಷ್ಟು ಕೇಳಿದ್ದೇ ತಡ, ಅವನ ಬಾಯಿ ಬಿಚ್ಚಿತು.

"ಅದೇ ಕಣಕ್ಕಾ ಯೋಚ್ನೆ, ಆರಕ್ಕೆ ಬರಾಕೆ ಕತ್ಲಲ್ಲೇ ಹೊಂಟ್ಬುಡ್ತೀನಿ. ಅದು ನನ್ನ ಬುಟ್ರೆ ಯಾರ್ನೂ ಕೆಚ್ಚಲು ಮುಟ್ಟಾಕ್ ಬುಡಾಕಿಲ್ಲ. ನಮ್ಮವ್ಳಿಗೆ ಒದ್ದು ಮಂಡಿ ಊದ್ಕಂಡೈತೆ. ಟೋಪಿ ಕೊಟ್ಟೋರ್ ಮುಂದೆ ಹಸಿನ್ ಕತೆ ಹೆಂಗೇಳ್ಲಿ?"

ನಾನು ಸನ್ಮಾನ ಎಂದು ಕೊಟ್ಟದ್ದೇ ಅವನನ್ನು ಓಡಿಸುತ್ತಿತ್ತು. ಮಾರನೆಯ ದಿನವೇ ಅವನನ್ನು ಮೊದಲಿನಂತೆ ಒಂಬತ್ತಕ್ಕೆ ಬರಲು ಹೇಳಿದೆ. ಪತ್ರ ಹಿಂದಕ್ಕೆ ಹೋಯಿತು, ನನ್ನ ಕೆಲಸ ಉಳಿಯಿತು. ಎರಡು ದಿನದ ತರಬೇತಿಯಲ್ಲಿ ನಾನು ಕಲಿಯದ್ದನ್ನು ಒಂದು ಲೋಟ ಕಾಫಿ ಇಡುವಷ್ಟರಲ್ಲಿ ಮಾಡಿ ತೋರಿಸಿದ ಭಾಗ್ಯಳ ಬಗ್ಗೆ ಆ ದಿನ ಹುಟ್ಟಿದ ಗೌರವ ಇನ್ನೂ ಇಳಿದಿಲ್ಲ. ಅವಳು ಯಾರನ್ನೂ ಯಾವ ಬಗೆಗೂ ಸೇರಿಸುವುದಿಲ್ಲ. ಸುಮ್ಮನೆ ಅವರ ಮನೆಯ ವಿಷಯ ಕೇಳುತ್ತಾಳೆ.

ಮುಂದಿನ ಭಾನುವಾರ ಸಿದ್ದರಾಜು ಬೆಣ್ಣೆ ತಂದ. ಸಾಹೇಬ್ರೇ ಎಲ್ಲಾ ಊಹಿಸಿ ಅಕ್ಕನ ಕೈಲಿ ಕೇಳಿಸಿದ್ರಂತೆ, ಅಕ್ಕನೇ ಹೇಳಿದ್ರು ಎಂದು ಕೈಮುಗಿದ. ನಾನು ಅಡುಗೆಮನೆಯತ್ತ ನೋಡಿದೆ, ಅವಳು ತಿರುಗಲಿಲ್ಲ. ಮನುಷ್ಯರನ್ನು ಓದುವುದೇ ನಮ್ಮ ಕೆಲಸವಲ್ಲವೇನಪ್ಪ ಎಂದೆ, ನಾಚಿಕೆಯಿಲ್ಲದೆ.

ಅವನು ಹೋದ ಮೇಲೆ, ಎರಡು ತಿಂಗಳಿಂದ ಅವಳು ಹೇಳುತ್ತಿದ್ದ ಅಟ್ಟದ ಧೂಳು ಹೊಡೆಯಲು ನಾನಾಗಿಯೇ ಏಣಿ ಹತ್ತಿದೆ. ಮೈಯಲ್ಲಿ ಅದೇನೋ ಉತ್ಸಾಹ. ಅರ್ಧ ಅಟ್ಟ ಮುಗಿದಾಗ, ಮನ್ನಣೆ ಬೇಕಿದ್ದದ್ದು ನಿಜಕ್ಕೂ ಯಾರಿಗೆ ಎಂದು ಹೊಳೆದು ಕೆಳಗೆ ಬಗ್ಗಿ ನೋಡಿದೆ. ಏಣಿ ಹಿಡಿದು ನಿಂತಿದ್ದ ಭಾಗ್ಯ, ಏನೂ ಅರಿಯದವಳ ಹಾಗೆ, "ಆ ಮೂಲೆಗೆ ನಿಮ್ಮ ಕೈ ಬಿಟ್ರೆ ಯಾರ್ದೂ ಎಟುಕಲ್ಲ ನೋಡಿ" ಎಂದಳು.

ಆ ಮೂಲೆಯನ್ನೂ ಗುಡಿಸಿದೆ.