ಎದೆ ತೋರಿಸದ ಟಕ್ ಹುಳ

ನಿಮ್ಮಲ್ಲಿ ಯಾರ ಡಿಗ್ರಿಗಾದರೂ ಒಂದು ಹುಳ ಕಲ್ಲು ಹಾಕಿದೆಯಾ? ನನ್ನದಕ್ಕೆ ಹಾಕಿದೆ!

ಎಂಬತ್ತರ ದಶಕ. ಮನೆ ಹಳೇಬೀಡು, ಕಾಲೇಜು ಅರಸೀಕೆರೆ. ಪ್ರಾಣಿಶಾಸ್ತ್ರದ ಪ್ರಾಕ್ಟಿಕಲ್‌ನಲ್ಲಿ ಒಮ್ಮೆ ಡುಮ್ಕಿ ಹೊಡೆದಾಗಿತ್ತು. "ಈ ಸಲಾನೂ ಹೋದ್ರೆ ಕಾಲೇಜು ಸಾಕು, ಅಂಗಡೀಲಿ ಕೂತ್ಕೋ" ಎಂದಿದ್ದರು ಅಪ್ಪ. ನಾನೂ ಪಣ ತೊಟ್ಟೆ.

ಮೇಷ್ಟ್ರು ಕೊಟ್ಟ ಕೆಲಸ ಸುಲಭದ್ದೇ. ಅಂಗಾತ ಹಾಕಿದರೆ ಟಕ್ ಎಂದು ಸಿಡಿದು ನೆಟ್ಟಗಾಗುವ ದುಂಬಿ ಗೊತ್ತಲ್ಲ? ಆ ಟಕ್ ಹುಳದ ಕುಟುಂಬದಲ್ಲಿ ಹಲವು ಕವಲು, ಅಂದರೆ ಉಪಕುಟುಂಬ. ಎದೆಯ ಅಡಿಯಲ್ಲಿ ಮೀಸೆ ಮಡಚಿಡಲು ಸಣ್ಣ ಕಾಲುವೆ ಇದ್ದರೆ ಅದು ಅಗ್ರಿಪ್ನಿನೇ. ಅಂಥದ್ದೊಂದು ಹುಡುಕಿ ತಂದರೆ ಪಾಸು!

ನಮ್ಮದು ಜೈನರ ಮನೆ. ಹಿತ್ತಲಿಂದ ಹುಳ ಹಿಡಿದು ತಂದರೆ ಬಾಗಿಲಲ್ಲೇ ಅಜ್ಜಿ.

"ಅದಕ್ಕೆ ನಾಕು ಇಂದ್ರಿಯ ಐತೆ ಕಣೇ ಪದ್ದಿ. ಸಾಯ್ಸಿದ್ಯೋ, ಈ ಹೊಸ್ಲು ದಾಟ್ಬೇಡ!"

"ಸಾಯ್ಸಲ್ಲ ಅಜ್ಜಿ, ಬರೀ ಎದೆ ನೋಡ್ತೀನಿ."

"ಅಯ್ಯೋ, ಅದಕ್ಕೂ ನಾಚ್ಕೆ ಇರಲ್ವೇನೇ?"

ಹೀಗೆ ಜೀವಂತ ವರ್ಗೀಕರಣವೆಂಬ ಮಹತ್ಕಾರ್ಯ ಆರಂಭವಾಯಿತು. ಎದೆ ನೋಡಲು ತಟ್ಟೆಯಲ್ಲಿ ಅಂಗಾತ ಹಾಕಬೇಕು. ಅಂಗಾತ ಹಾಕಿದರೆ ಟಕ್! ಮತ್ತೆ ಹಾಕಿದೆ. ಟಕ್! ಭೂತಗನ್ನಡಿಯಲ್ಲಿ ಕಂಡಿದ್ದು ಬರೀ ತಟ್ಟೆ.

ಬಿಡುವವಳಾ ನಾನು? ಸಂಜೆ ಅಡುಗೆಮನೆ ಕಿಟಕಿಯಲ್ಲಿ ಬೆಳಕು ಚೆನ್ನಾಗಿದೆಯೆಂದು ಅಲ್ಲೇ ಕೂತೆ. ನಮ್ಮಲ್ಲಿ ಹೊತ್ತು ಮುಳುಗುವ ಮುಂಚೆ ಊಟ ಮುಗಿಯಬೇಕು. ಅಜ್ಜಿ ಆಗಷ್ಟೇ ಮೊಸರನ್ನ ಕಲೆಸುತ್ತಿದ್ದಳು. ಟಕ್! ಹುಳ ನೇರ ಅಜ್ಜಿಯ ತಟ್ಟೆಗೆ. ಅವಳು ಅದನ್ನೆತ್ತಿ, ತೊಳೆದು, ಸೆರಗಿನಲ್ಲಿ ಒರೆಸಿ ಆರೈಕೆ ಮಾಡುವಷ್ಟರಲ್ಲಿ ಸೂರ್ಯ ಮುಳುಗಿಯೇ ಹೋದ! ಅಜ್ಜಿಗೆ ಬೆಳಗಿನವರೆಗೆ ಊಟವಿಲ್ಲ.

"ಉಪಕುಟುಂಬ ಸಿಕ್ತೋ ಇಲ್ವೋ, ಉಪವಾಸ ಅಂತೂ ಸಿಕ್ತು!" ಎಂದರು ಅಪ್ಪ.

ಪರೀಕ್ಷೆ ಬಂದೇಬಿಟ್ಟಿತು. ಎದೆ ಇನ್ನೂ ನೋಡಿಲ್ಲ. ಆದರೂ ಧೈರ್ಯವಾಗಿ ಬೆಂಕಿಪೊಟ್ಟಣದ ಮೇಲೆ 'ಅಗ್ರಿಪ್ನಿನೇ' ಎಂದು ದಪ್ಪಕ್ಷರದಲ್ಲಿ ಬರೆದು, ಹುಳವನ್ನು ಒಳಗಿಟ್ಟು ಬಸ್ ಹತ್ತಿದೆ. ಬಾಣಾವರ ದಾಟುವಾಗ ಕಂಡಕ್ಟರ್ ಕಿವಿಗೊಟ್ಟ.

"ಏನವ್ವ ಅದು, ಟಕ್ ಟಕ್ ಅಂತೈತೆ? ಗಡಿಯಾರನಾ?"

"ಅಲ್ಲ, ಪ್ರಾಕ್ಟಿಕಲ್!"

ಪರೀಕ್ಷಕರು ಪೊಟ್ಟಣ ತೆರೆದು ಬೆಚ್ಚಿದರು. "ಇದು ಬದುಕಿದೆಯಲ್ಲಮ್ಮಾ! ಅಗ್ರಿಪ್ನಿನೇ ಅಂತ ಹೇಗೆ ಗೊತ್ತಾಯ್ತು?"

"ಎದೆ ನೋಡ್ಬೇಕು ಸಾರ್. ಅಂಗಾತ ಹಾಕಿದ್ರೆ ಹಾರುತ್ತೆ. ವಿಜ್ಞಾನಕ್ಕೇ ಇದೊಂದು ಸವಾಲು ಸಾರ್."

ಅವರು ಹುಳವನ್ನು ಎರಡು ಬೆರಳಲ್ಲಿ ಹಿಡಿದರು. ತಿರುಗಿಸಿದರು. ನೋಡಿದರು. ಅಷ್ಟೇ!

"ಕಾಲುವೆ ಇಲ್ವಲ್ಲಮ್ಮಾ."

ಬೆರಳ ನಡುವೆ ಸಿಕ್ಕ ಹುಳವೂ ಟಕ್ ಟಕ್ ತಲೆಯಾಡಿಸಿ ಹೌದೆಂದಿತು. ಮತ್ತೆ ಡುಮ್ಕಿ!

ಮನೆಗೆ ಬಂದು ಎಲ್ಲ ಹೇಳಿದೆ. ಅಜ್ಜಿ ಹುಳವನ್ನು ಹಿತ್ತಲಿಗೆ ಬಿಟ್ಟು ನನ್ನ ಕಡೆ ತಿರುಗಿದಳು. "ಅದಕ್ಕೆ ನಾಕೇ ಇಂದ್ರಿಯ. ನಿಂಗೆ ಐದೈತೆ. ಹಿಡ್ಕಂಡು ನೋಡೋಕೆ ತೋಚ್ಲಿಲ್ವೇನೇ?"

ಆಮೇಲೆ ಅಪ್ಪನ ಅಂಗಡಿಯಲ್ಲಿ ಕೂತೆ. ತೊಗರಿಬೇಳೆ ಬೇರೆ, ಕಡ್ಲೆಬೇಳೆ ಬೇರೆ ಎಂದು ನಾನು ಮಾಡಿದ ವರ್ಗೀಕರಣ ಇವತ್ತಿಗೂ ತಪ್ಪಿಲ್ಲ. ಯಾಕಂದ್ರೆ ಬೇಳೆ ಹಾರಲ್ಲ!

ನಿಮ್ಮ ಪ್ರಾಕ್ಟಿಕಲ್‌ನಲ್ಲಿ ಏನು ಹಾರಿತ್ತು? ನಾಚಿಕೆ ಬಿಟ್ಟು ಕೆಳಗೆ ಬರೀರಪ್ಪ, ನಾನೊಬ್ಬಳೇ ಅಲ್ಲ ಅಂತಾದರೂ ಅಪ್ಪನಿಗೆ ತೋರಿಸ್ತೀನಿ.