ಪೂಜೆಗಿಟ್ಟ ಚಾಕು

ಆಯುಧ ಪೂಜೆಯ ಬೆಳಿಗ್ಗೆ ಗೋಪೀನಾಥ ಕೀತ್‌ನ ಚಾಕುವನ್ನು ದೇವರ ಮುಂದಿಟ್ಟು ಸ್ನಾನಕ್ಕೆ ಹೋದದ್ದೇ ತಪ್ಪಾಯಿತು.

ಕೀತ್ ಪಕ್ಕದ ಮನೆಯ ಮುದುಕ. ಮೆಲ್ಬರ್ನಿನ ಬಾಕ್ಸ್ ಹಿಲ್ ಆಸ್ಪತ್ರೆಯಲ್ಲಿ ಇಂದೋ ನಾಳೆಯೋ ಎಂಬಂತೆ ಮಲಗಿದ್ದ. ಎರಡನೇ ಮಹಾಯುದ್ಧದ ಕಾಲದಲ್ಲಿ ಇಲ್ಲಿಗೆ ಬಂದಿದ್ದ ಅಮೆರಿಕನ್ ಸೈನಿಕನೊಬ್ಬ ಅವನ ಅಪ್ಪನಿಗೆ ಕೊಟ್ಟಿದ್ದನಂತೆ ಆ ಮಡಿಚುವ ಬೇಟೆಚಾಕು. "ಅಸಲಿಯೋ ನಕಲಿಯೋ ಹೇಳು ಗೋಪಿ. ತಿಳ್ಕೊಂಡೇ ಸಾಯ್ತೀನಿ" ಎಂದು ಕೊಟ್ಟಿದ್ದ. ಇಂಥ ಹಳೆಯ ಚಾಕುಗಳ ಹುಚ್ಚಿದ್ದ ಗೋಪೀನಾಥನಿಗೆ ಭೂತಗನ್ನಡಿ ಹಿಡಿದ ಕೂಡಲೇ ಗೊತ್ತಾಯಿತು. ಜಿಂಕೆ ಕೊಂಬಿನ ಹಿಡಿ, ಅಲಗಿನ ಬುಡದಲ್ಲಿ ಹೆಸರಾಂತ ಅಮೆರಿಕನ್ ಕಂಪನಿಯ ಸವೆದ ಮುದ್ರೆ. ಅಪ್ಪಟ ಅಸಲಿ!

ಅಲ್ಲಿಂದ ಅವನಿಗೆ ಅನ್ನ ರುಚಿಸಲಿಲ್ಲ. ಅಸಲಿ ಎಂದರೆ ಅದು ಸಿಡ್ನಿಯಲ್ಲಿರುವ ಕೀತ್‌ನ ಮಗನ ಪಾಲು. ನಕಲಿ ಎಂದರೆ 'ನೀನೇ ಇಟ್ಕೊ' ಅಂದಾನು. ಆದರೆ ಬೇರೆ ಯಾರಾದರೂ ಆ ಮುದ್ರೆ ನೋಡಿದರೆ?

ಸ್ನಾನ ಮುಗಿಸಿ ಬಂದಾಗ ಎದುರುಮನೆಯ ನಾರಾಯಣ ಅಂಕಲ್, ಮೈಸೂರಿನ ರಿಟೈರ್ಡ್ ಎಂಜಿನಿಯರ್, ತಮ್ಮ ಗ್ಯಾರೇಜಿನಿಂದ ಬರುತ್ತಿದ್ದರು. ಕೈಯಲ್ಲಿದ್ದ ಚಾಕು ಹೊಸ ಸ್ಟೀಲ್ ಲೋಟದ ಹಾಗೆ ಫಳಫಳ ಹೊಳೆಯುತ್ತಿತ್ತು.

"ಕಪ್ಪಗಿರೋ ಆಯುಧ ಪೂಜೆಗಿಡ್ತಾರೇನಯ್ಯಾ? ನಿನ್ನ ಹೆಂಡತಿ ಕೊಟ್ಟಳು, ಗ್ರೈಂಡರ್ ಹಾಕಿ ಬುಡದ ತನಕ ಉಜ್ಜಿದೀನಿ ನೋಡು!"

"ಅಂಕಲ್, ಅಲ್ಲೊಂದು ಮುದ್ರೆ..."

"ಅದೇನೋ ಗೀಚಿದ ಹಾಗಿತ್ತು. ನೀಟಾಗಿ ತೆಗೆದುಬಿಟ್ಟೆ."

ಹೆಂಡತಿ ಅಹಲ್ಯಾ ಅಲಗಿಗೆ ಧಾರಾಳವಾಗಿ ಕುಂಕುಮ ಬಳಿದು, "ಈಗ ಲಕ್ಷಣವಾಗಿದೆ" ಎಂದಳು. ಗೋಪೀನಾಥನ ಎದೆ ಒಡೆದೇಹೋಯಿತು. ಮರುಗಳಿಗೆ, ನಾಚಿಕೆಗೇಡು, ಒಳಗೊಳಗೇ ಹಗುರವೂ ಆಯಿತು. ಇನ್ನು ಸುಳ್ಳು ಹೇಳಿದರೆ ಹಿಡಿಯುವವರಿಲ್ಲ.

ಅಷ್ಟರಲ್ಲಿ ಆಸ್ಪತ್ರೆಯಿಂದ ಫೋನ್ ಬಂತು. ಬರುವುದಾದರೆ ಈಗಲೇ ಬನ್ನಿ ಎಂದರು. ಚಾಕುವನ್ನು ಕರ್ಚೀಫಿನಲ್ಲಿ ಸುತ್ತಿಕೊಂಡು ಓಡಿದ. ವಾರ್ಡಿನ ಬಾಗಿಲಲ್ಲಿ ಕರ್ಚೀಫಿನಿಂದ ಇಣುಕಿದ ಕೆಂಪು ಅಲಗು ಕಂಡು ನರ್ಸ್ ಚೀರಿದಳು. ಸೆಕ್ಯುರಿಟಿಯವನು ಅವನನ್ನು ಗೋಡೆಗೊತ್ತಿ ಹಿಡಿದ. "ದೇವರಿಗಿಟ್ಟಿದ್ದು, ಪೂಜೆಯದು" ಎಂದಷ್ಟೂ ಹಿಡಿತ ಬಿಗಿಯಾಯಿತು.

"ಬಿಡಿ, ಅವನು ನನ್ನ ಫ್ರೆಂಡು" ಎಂದು ಕೀತ್ ಒಳಗಿನಿಂದ ನರಳಿದ. ಚಾಕುವನ್ನು ಸೆಕ್ಯುರಿಟಿಯವನು ಇಟ್ಟುಕೊಂಡು ಗೋಪೀನಾಥನನ್ನು ಮಾತ್ರ ಒಳಗೆ ಬಿಟ್ಟ.

"ಹೇಳು ಗೋಪಿ."

"ನಕಲಿ, ಕೀತ್. ಸಾರಿ."

ಮುದುಕನ ಮುಖ ಬಾಡಿತು. ಅಪ್ಪ ಬದುಕಿಡೀ ಹೇಳಿಕೊಂಡು ಬಂದ ಕತೆ ಅಲ್ಲೇ ಸತ್ತುಹೋಯಿತು. ಗೋಪೀನಾಥ ಅವನ ಹೊದಿಕೆಯನ್ನು ಎದೆಯವರೆಗೆ ಎಳೆದ.

"ಹಾಗಾದ್ರೆ ಮಗನಿಗೇ ಹೋಗ್ಲಿ. ಸಿಡ್ನಿ ಆಫೀಸಲ್ಲಿ ಪಾರ್ಸೆಲ್ ಕತ್ತರಿಸ್ಕೋತಾನೆ" ಎಂದ ಕೀತ್. "ಅಸಲಿ ಆಗಿದ್ರೆ ನಿನಗೇ ಕೊಡ್ಬೇಕು ಅಂತಿದ್ದೆ. ಅದರ ಬೆಲೆ ಗೊತ್ತಿರೋನು ನೀನೊಬ್ನೇ."

"ಕೀತ್! ಅದು ಅಸಲೀನೇ! ನಾನು ಸುಳ್ಳು ಹೇಳ್ದೆ!"

"ಮುದ್ರೆ ತೋರ್ಸು."

"ಮುದ್ರೆ... ಇವತ್ತು ಬೆಳಿಗ್ಗೆ ಅಳಿಸಿಹೋಯ್ತು."

ಕೀತ್ ಎಷ್ಟೋ ದಿನಗಳ ನಂತರ ನಕ್ಕ. "ಸಾಯೋನನ್ನ ಸಮಾಧಾನ ಮಾಡೋಕೆ ಸುಳ್ಳು ಹೇಳ್ತೀಯಾ? ತುಂಬಾ ಒಳ್ಳೇವನು ಕಣೋ ನೀನು" ಎಂದು ಅವನ ಕೈಯನ್ನು ಗಟ್ಟಿಯಾಗಿ ಹಿಡಿದು ಕಣ್ಣು ಮುಚ್ಚಿದವನು ಮತ್ತೆ ತೆರೆಯಲಿಲ್ಲ.